ಬಿದ್ದ ನಿದ್ದೆಗೆ ಹಾಲುಕಷಾಯ

ಮುಖಪರಿಚಯವಿಲ್ಲದ ಮಾನ್ಯ ವಾಚಕರೇ, ಈ ವೃತ್ತಾಂತವನ್ನು ತಮ್ಮ ಸಮ್ಮುಖದಲ್ಲಿ ಇರಿಸುವ ಮುನ್ನ ನನ್ನ ಯೋಗ್ಯತೆಯನ್ನು ಅರಿಕೆ ಮಾಡಿಕೊಳ್ಳುವುದು ಧರ್ಮ. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು. ನನಗೆ ಬರುವ ಭಾಷೆಯಷ್ಟೂ ಬಸ್ ನಿಲ್ದಾಣಗಳ ಗೋಡೆಯ ಬುಡದಲ್ಲಿ ಗೋಣಿತಾಟಿನ ಮೇಲೆ ರಾಶಿ ಹಾಕಿ ಮಾರುವ, ರಟ್ಟು ಕಿತ್ತ ಕಾದಂಬರಿಗಳಿಂದ ಬಂದದ್ದು. ಅವುಗಳಲ್ಲಿ ಹತ್ತು ಪುಟಕ್ಕೊಮ್ಮೆ ಯಾರಾದರೊಬ್ಬರು ಸಿಡಿಲು ಬಡಿದವರಂತೆ ನಿಂತುಬಿಡುತ್ತಾರೆ. ಪುಟ ತುಂಬಿಸಲು ಬರೆಯುವವರು ಹೂಡುವ ಉಪಾಯ ಅದು ಎಂದು ನಾನು ಬಹುಕಾಲ ನಂಬಿದ್ದೆ. ಕೆಳಗೆ ನಿವೇದಿಸಲಿರುವ ಊರಿನಲ್ಲಿ ನಾನೇ ಹಾಗೆ ನಿಂತೆ, ಒಂದಲ್ಲ, ಹಲವು ಬಾರಿ. ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿಯವರು ಬರೆಯಬೇಡಿ ಎಂದಿದ್ದಾರೆ.

ಅಂಗಡಿಗಳ ಬೋರ್ಡು ಬರೆಯುವುದು ನನ್ನ ಕಸುಬು. ಬಣ್ಣದ ಡಬ್ಬಿಗಳನ್ನೂ ಕುಂಚಗಳನ್ನೂ ಹೆಗಲಿಗೇರಿಸಿ ಊರಿಂದೂರಿಗೆ ಅಲೆಯುತ್ತ ಹನ್ನೊಂದು ವರ್ಷಗಳಾಗಿದ್ದವು. ಆ ಊರಿನ ಬಾಗಿಲಲ್ಲಿ ಬಂದವರನ್ನು ತಪಾಸಣೆ ಮಾಡುವ ಒಂದು ಉಕ್ಕಡವಿತ್ತು. ಅಲ್ಲಿ ಕುಳಿತಿದ್ದ ದಪ್ಪನೆಯ ಹೆಂಗಸೊಬ್ಬಳು ನನ್ನ ಚೀಲವನ್ನು ತೆರೆಯದೆಯೇ ಮೂಗಿನ ಹತ್ತಿರ ಹಿಡಿದು, "ಕಾಫಿ ಪುಡಿ, ಟೀ ಪುಡಿ ಏನಾದ್ರೂ ಇದ್ರೆ ಇಲ್ಲೇ ಬಿಟ್ಟೋಗಿ. ವಾಪಸ್ ಹೋಗೋವಾಗ ಕೊಡ್ತೀವಿ" ಎಂದಳು. ನಾನು ಇಲ್ಲವೆಂದೆ. ಟರ್ಪೆಂಟೈನ್ ವಾಸನೆ ಅವಳ ಮೂಗನ್ನು ಸೋಲಿಸಿತು. ಹಲ್ಲುಪುಡಿಯ ಚಿತ್ರವಿದ್ದ ತಗಡಿನ ಡಬ್ಬಿಯೊಂದರಲ್ಲಿ ಕಾಲು ಸೇರು ಕಾಫಿ ಪುಡಿಯಿತ್ತು. ಅನ್ನ ಬಿಟ್ಟೇನು, ಕಾಫಿ ಬಿಡಲಾರೆ ಎಂಬುದು ಆಗ ನನ್ನ ಸ್ಥಿತಿ.

ಪೇಟೆಬೀದಿಯಲ್ಲಿ ನೂರು ಹೆಜ್ಜೆ ನಡೆದಿರಬಹುದು. ಈರುಳ್ಳಿ ಅಂಗಡಿಯವನೊಬ್ಬ ತಕ್ಕಡಿ ಎತ್ತಿ ಹಿಡಿದವನು ಹಾಗೆಯೇ ಮೊಣಕಾಲು ಮಡಚಿ ಕುಸಿದ. ಅವನ ಪ್ರಾಣವೇ ಹೋಯಿತೆಂದು ನಾನು ಚೀಲ ಬಿಸಾಡಿ ಓಡಿದೆ. ಆದರೆ ಎದುರು ನಿಂತಿದ್ದ ಗಿರಾಕಿ ಅವಸರಪಡಲಿಲ್ಲ. ಅವನ ಕೈಯಿಂದ ತಕ್ಕಡಿಯನ್ನು ಬಿಡಿಸಿಕೊಂಡು, ತಲೆಯಡಿಗೆ ಖಾಲಿ ಗೋಣಿಚೀಲವೊಂದನ್ನು ಇಟ್ಟು, ಬೀದಿಯ ಕಡೆ ತಿರುಗಿ, "ಯಾರ್ದು ಇದು?" ಎಂದು ಕೇಳಿದ. ಬಿದ್ದ ಛತ್ರಿಯೋ ಚಪ್ಪಲಿಯೋ ಯಾರದೆಂದು ವಿಚಾರಿಸುವ ಧಾಟಿಯದು. ಎದುರುಮನೆಯಿಂದ ಒಬ್ಬಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ನಂದೇ ಇರ್ಬೇಕು ಕಣಣ್ಣ. ಮಗೀಗೆ ಜ್ವರ, ರಾತ್ರಿಯೆಲ್ಲ ಎತ್ಕೊಂಡೇ ಕೂತಿದ್ದೆ" ಎಂದು ನಾಚಿಕೊಂಡು, ಅಂಗಡಿಯ ಹಿಂದಿನ ಒಲೆಯ ಮುಂದೆ ಕುಳಿತು ಏನನ್ನೋ ಕಾಯಿಸಿ, ಹಾಲು ಬೆರೆಸಿ, ನೊರೆಯೆಬ್ಬಿಸಿ ಕುಡಿದು, "ನನ್ನದನ್ನ ನನಗೆ ಕೊಡಿ" ಎಂದಳು. ಅನಂತರ ಚೀಲಗಳ ನಡುವೆ ಒರಗಿ ನಿದ್ದೆಹೋದಳು. ಅವಳ ಕಣ್ಣು ಮುಚ್ಚಿದ ಗಳಿಗೆಗೇ ಅಂಗಡಿಯವನು ಎದ್ದು ಕುಳಿತ. "ಎಷ್ಟಂದ್ರಿ, ಒಂದೂವರೆಯಾ?" ಎಂದು ತಕ್ಕಡಿ ಕೇಳಿ ಪಡೆದ. ಬೀದಿಯಲ್ಲಿ ಬಾಯಿ ತೆರೆದು ನಿಂತಿದ್ದವನು ನಾನೊಬ್ಬನೇ.

ಆ ಊರಿನಲ್ಲಿ ಒಬ್ಬರು ಕಳೆದುಕೊಂಡ ನಿದ್ದೆ ಇನ್ನೊಬ್ಬರ ಮೇಲೆ ಬೀಳುತ್ತದೆ. ಬಿದ್ದದ್ದು ಗಂಟೆ ಲೆಕ್ಕದಲ್ಲಿ ಮುಗಿಯುವುದಿಲ್ಲ; ಕಳೆದುಕೊಂಡವರು ಬಂದು ಕೇಳಿ ಪಡೆಯುವವರೆಗೆ ಹೊತ್ತವರ ಮೇಲೆಯೇ ಇರುತ್ತದೆ. ಜನ ಅದಕ್ಕೆ ತಕ್ಕಂತೆ ಬದುಕನ್ನು ಹೊಂದಿಸಿಕೊಂಡಿದ್ದರು. ಬಾವಿಗಳ ಕಟ್ಟೆಗಳು ಕುತ್ತಿಗೆಯ ಮಟ್ಟಕ್ಕಿದ್ದವು. ಕ್ಷೌರಿಕನು ಗಿರಾಕಿಯ ಕೆನ್ನೆಗೆ ಕತ್ತಿ ಇಡುವಾಗ ಅವನ ಹೆಂಡತಿ ಹಿಂದೆ ನಿಂತು ಗಂಡನ ಮಣಿಕಟ್ಟನ್ನು ಹಿಡಿದುಕೊಂಡಿರುತ್ತಿದ್ದಳು. ನಾನು ಬೋರ್ಡು ಬರೆಯಲು ಏಣಿ ಹತ್ತಿದರೆ ದಾರಿಹೋಕರಲ್ಲಿ ಇಬ್ಬರು ತಾವಾಗಿಯೇ ಕೆಳಗೆ ಕಂಬಳಿ ಹಿಡಿದು ನಿಲ್ಲುತ್ತಿದ್ದರು. ಎದುರಾದವರು "ಊಟ ಆಯ್ತಾ" ಎಂದು ಕೇಳುತ್ತಿರಲಿಲ್ಲ, "ನಿದ್ದೆ ಆಯ್ತಾ" ಎಂದು ಕೇಳುತ್ತಿದ್ದರು. ತೂಕದಲ್ಲಿ ಮೋಸ ಮಾಡುವವರು ಅಲ್ಲಿಯೂ ಇದ್ದರು, ನೆರೆಮನೆಯ ಬಗ್ಗೆ ಸುಳ್ಳು ಹಬ್ಬಿಸುವವರೂ ಇದ್ದರು. ಆದರೆ ಈ ಒಂದು ಪ್ರಶ್ನೆಗೆ ಸುಳ್ಳು ಉತ್ತರ ಕೊಡಬಹುದೆಂಬ ಯೋಚನೆಯೇ ಅವರಲ್ಲಿ ಯಾರಿಗೂ ಬಂದಿರಲಿಲ್ಲ.

ನಾನು ದೇವೀರಮ್ಮ ಎಂಬ ವಿಧವೆಯ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಪುಸ್ತಕಗಳ ಕಟ್ಟನ್ನು ಕಂಡು ಆಕೆ ನನ್ನನ್ನು ಮೇಷ್ಟ್ರೆಂದು ಕರೆದರು. ಅಲ್ಲವೆಂದು ಎರಡು ಬಾರಿ ಹೇಳಿದೆ. ಮೂರನೆಯ ಬಾರಿ ಸುಮ್ಮನಾದೆ. ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಹಾಲುಕಷಾಯ ಬಾಡಿಗೆಯಲ್ಲೇ ಸೇರಿತ್ತು. ಹುರಿದ ಕೊತ್ತಂಬರಿ ಬೀಜದ ಪರಿಮಳ, ಹಿಂದಿನಿಂದ ಜೀರಿಗೆ, ನಾಲಗೆಯ ತುದಿಗೆ ಒಣಶುಂಠಿಯ ಚುರುಕು, ಎಲ್ಲಕ್ಕಿಂತ ಕೊನೆಗೆ ಗಂಟಲಲ್ಲಿ ಉಳಿಯುವ ಜಾಯಿಕಾಯಿ. ಮೊದಲ ದಿನ ನಾನು ಅದನ್ನು ಔಷಧಿಯಂತೆ ಮೂಗು ಹಿಡಿದು ಕುಡಿದೆ. ನಾಲ್ಕನೆಯ ದಿನ ಇನ್ನರ್ಧ ಲೋಟ ಕೇಳಿದೆ. ಹನ್ನೆರಡು ದಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ, ಮತ್ತು ಹನ್ನೆರಡು ದಿನವೂ ನಾನು ಮಗುವಿನಂತೆ ನಿದ್ರಿಸಿದೆನೆಂಬುದನ್ನು ಇಲ್ಲಿ ದಾಖಲಿಸಬೇಕು.

ದೇವೀರಮ್ಮನ ಮಗಳು ಚಿಕ್ಕತಾಯಿ. ವಯಸ್ಸು ಮೂವತ್ತರ ಹತ್ತಿರ. ಕಟ್ಟಿಕೊಂಡವನು ಉಪ್ಪುಚಾವಡಿಯಲ್ಲಿ ಬೇರೊಂದು ಸಂಸಾರ ಹೂಡಿದ್ದ. ಆ ಊರಿಗಿದ್ದದ್ದು ಒಂದೇ ಬಸ್ಸು, ವೀರಭದ್ರಪ್ಪನೆಂಬವನದು. ಅದರ ಕಂಡಕ್ಟರು ಇಪ್ಪತ್ತೆರಡು ವರ್ಷ ದುಡಿದು ಕೆಲಸ ಬಿಡುತ್ತಿದ್ದ. ಶುಕ್ರವಾರ ಹತ್ತು ಗಂಟೆಗೆ ಹೊಸಬರ ಪರೀಕ್ಷೆ: ನಿಲ್ದಾಣದಿಂದ ಹೊರಟು ಬಸ್ಸು ಸುತ್ತಲ ಊರುಗಳನ್ನು ಹಾದು ಉಪ್ಪುಚಾವಡಿ ಮುಟ್ಟುವಷ್ಟರಲ್ಲಿ ಸ್ಟಾಪುಗಳನ್ನು ತಪ್ಪದೆ ಕೂಗಬೇಕು, ಟಿಕೆಟ್ಟು ಹರಿಯಬೇಕು, ಚಿಲ್ಲರೆ ಕೊಡಬೇಕು. ಈ ಸಲ ಸಿಗದಿದ್ದರೆ ಇನ್ನೆಂದೂ ಸಿಗುವುದಿಲ್ಲವೆಂದು ಚಿಕ್ಕತಾಯಿಗೆ ಗೊತ್ತಿತ್ತು. ಖಾಕಿ ಬಟ್ಟೆ ತಂದು ತಾನೇ ಅಂಗಿ ಹೊಲಿದುಕೊಂಡಿದ್ದಳು. ದಿನವೂ ಮಧ್ಯಾಹ್ನ ಜಗಲಿಯ ಮೇಲೆ ನನ್ನನ್ನು ಪ್ರಯಾಣಿಕನನ್ನಾಗಿ ಕೂರಿಸಿ ಅಭ್ಯಾಸ ನಡೆಸುತ್ತಿದ್ದಳು.

"ಎರಡ್ಬೇವೂ, ಗಾಣದ್ಬೀದೀ, ಸುಣ್ಣದ್ಗೂಡೂ, ಮಡಕೆಪೇಟೇ, ಹಳೇಸೇತ್ವೇ, ಉಪ್ಪುಚಾವ್ಡೀ. ಎಲ್ಲಿಗಣ್ಣ?"

"ಮಡಕೆಪೇಟೆಗೆ."

"ಚಿಲ್ಲರೆ ಕೊಡಿ. ನೋಟು ಕೊಟ್ರೆ ಇಳಿಸಿಬಿಡ್ತೀನಿ."

ಒಳಗಿನಿಂದ ದೇವೀರಮ್ಮ, "ಹತ್ತಿದೋರ್ನೆಲ್ಲ ಇಳಿಸ್ತಾ ಹೋದ್ರೆ ವೀರಭದ್ರಪ್ಪ ನಿನ್ನ ಇಳಿಸ್ತಾನೆ, ನೋಡ್ಕೋ" ಎನ್ನುತ್ತಿದ್ದರು.

"ಇಳಿಸ್ಲಿ. ಒಂದು ಸಲ ಹತ್ತಿ ಇಳಿದ್ರೂ ಸಾಕು. ನನ್ನ ಗಂಡನ ಮನೆ ಮುಂದೆ ಸೀಟಿ ಊದಿ ಬಸ್ಸು ನಿಲ್ಸಿ, ಯಾರೂ ಇಳಿಯೋರಿಲ್ಲಾ ಅಂತ ಹೇಳಿ ಮತ್ತೆ ಸೀಟಿ ಊದ್ಬೇಕು" ಎಂದು ಚಿಕ್ಕತಾಯಿ ನಕ್ಕಳು. ಆ ನಗುವಿನಲ್ಲಿ ಒಂದು ಹಟವಿತ್ತು.

ಮಂಗಳವಾರ ಗುಜರಿ ಅಂಗಡಿಯಲ್ಲಿ ನನಗೊಂದು ಕಾದಂಬರಿ ಸಿಕ್ಕಿತು. ನಾನೂರು ಪುಟ, ಸಣ್ಣ ಅಕ್ಷರ. ಓದಲು ಕುಳಿತವನಿಗೆ ಏಳುವ ಮನಸ್ಸಾಗಲಿಲ್ಲ. ಕಣ್ಣು ಮಾತ್ರ ಎಳೆಯತೊಡಗಿತು. ಊರಿನ ನಿಯಮ ನನಗೆ ಮರೆತಿರಲಿಲ್ಲ. ಆದರೆ ಅದು ಊರಿನವರ ನಿಯಮ, ಹೊರಗಿನವನ ನಿದ್ದೆ ಇಲ್ಲಿ ಯಾರ ಮೇಲೆ ಬೀಳಲು ಸಾಧ್ಯ ಎಂಬ ವಾದವನ್ನು ನಾನೇ ಹೂಡಿ ನಾನೇ ಗೆದ್ದೆ. ಬಣ್ಣ ಕಾಯಿಸುವ ಸ್ಪಿರಿಟ್ ಒಲೆಯ ಮೇಲೆ ನೀರಿಟ್ಟು ಕಾಫಿ ಕಾಸಿ ಕುಡಿದೆ. ಬೆಳಕು ಹರಿಯುವಾಗ ಕೊನೆಯ ಪುಟದಲ್ಲಿದ್ದೆ.

ಬುಧವಾರ ಬೆಳಗ್ಗೆ ಚಿಕ್ಕತಾಯಿ ಅಂಗಳಕ್ಕೆ ನೀರು ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಮೈಮುರಿಯುತ್ತಿದ್ದೆ. "ನಿದ್ದೆ ಆಯ್ತಾ ಮೇಷ್ಟ್ರಣ್ಣ?" ಎಂದಳು. ನಾನು ಉತ್ತರಿಸಲು ಬಾಯಿ ತೆರೆಯುವುದರೊಳಗೆ ಅವಳ ಕೈಯ ಚೊಂಬು ಉರುಳಿತು. ಅವಳು ತುಳಸಿಕಟ್ಟೆಗೆ ಬೆನ್ನು ಜಾರಿಸಿಕೊಂಡು ಕುಳಿತು, ಹಾಗೆಯೇ ಪಕ್ಕಕ್ಕೆ ವಾಲಿದಳು. ಕಣ್ಣು ಮುಚ್ಚಿತ್ತು. ಅಂಗೈಯಲ್ಲಿ ನೀರಿನ ಹನಿಗಳು ಇನ್ನೂ ಇದ್ದವು. ದೇವೀರಮ್ಮ ಹೊರಬಂದು ನೋಡಿ, "ಅಯ್ಯೋ, ಇವತ್ತೇ ಬೀಳ್ಬೇಕಾ? ಹೋಗ್ಲಿ, ನಾಡಿದ್ದಿಗಿನ್ನೂ ಹೊತ್ತಿದೆ. ಹಿಡ್ಕೊಳಿ ಮೇಷ್ಟ್ರೇ, ಒಳಗೆ ಮಲಗ್ಸೋಣ. ಯಾರ್ದೋ, ಬಂದು ತಗೊಂಡೋಗ್ತಾರೆ" ಎಂದರು. ನಾನು ಚಿಕ್ಕತಾಯಿಯ ಕಾಲುಗಳನ್ನು ಹಿಡಿದುಕೊಂಡೆ. ಅದು ನನ್ನದೆಂದು ಹೇಳಲು ಆ ಒಂದು ನಿಮಿಷ ಇತ್ತು. ನಾನು ಅದನ್ನು ಕಳೆದುಬಿಟ್ಟೆ.

ಸಂಜೆಯವರೆಗೆ ಯಾರೂ ಬರಲಿಲ್ಲ. ಆಗ ಬೊಮ್ಮಯ್ಯಜ್ಜನನ್ನು ಕರೆಸಿದರು. ಬಿದ್ದ ನಿದ್ದೆಯ ಒಡೆಯರನ್ನು ಮನೆಮನೆಗೆ ಹೋಗಿ ವಿಚಾರಿಸುವುದು ಆ ಮುದುಕನ ಕೆಲಸ. ಕೋಲೂರಿಕೊಂಡು ಏಳು ಬೀದಿ ಸುತ್ತಿ, ಗುರುವಾರ ಮುಂಜಾನೆ ನನ್ನ ಕೋಣೆಯ ಮುಂದೆ ನಿಂತ. "ನೀವೊಬ್ರೇ ಉಳಿದಿರೋದು ಮೇಷ್ಟ್ರೇ. ಕೇಳ್ಬೇಕಲ್ಲ ಅಂತ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಂಗಳವಾರದ ನಿದ್ದೆ ಆಯ್ತಾ?"

ಹಲ್ಲುಪುಡಿಯ ಡಬ್ಬಿ ನನ್ನ ಹಿಂದೆ ಕಿಟಕಿಯ ಮೇಲಿತ್ತು. ಉಕ್ಕಡದಲ್ಲಿ ಹೇಳಿದ ಸುಳ್ಳು, ಕುಡಿದ ಕಾಫಿ, ಕಳೆದ ಒಂದು ದಿನದ ಮೌನ, ಎಲ್ಲವನ್ನೂ ಒಟ್ಟಿಗೆ ಒಪ್ಪಿಕೊಳ್ಳಬೇಕಾಗಿತ್ತು. "ಆಯ್ತು ಅಜ್ಜ, ಚೆನ್ನಾಗೇ ಆಯ್ತು" ಎಂದೆ.

ಅವನು ನನ್ನ ಮುಖವನ್ನು ಪರೀಕ್ಷಿಸುವನೆಂದು ಹೆದರಿದ್ದೆ. ಅವನು ಪರೀಕ್ಷಿಸಲಿಲ್ಲ; ನಂಬಿದ. ಅದು ಅದಕ್ಕಿಂತ ಘೋರವಾಗಿತ್ತು. ಕೋಲನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕುಳಿತು, "ಹಾಗಾದ್ರೆ ಇದು ಸತ್ತೋರ ನಿದ್ದೆ ದೇವೀರಿ" ಎಂದ. ಯಾರೂ ಒಪ್ಪಿಕೊಳ್ಳದ ನಿದ್ದೆಯ ಒಡೆಯರು ನಿದ್ದೆಗೆಟ್ಟು ಎಲ್ಲೋ ತೀರಿಕೊಂಡಿದ್ದಾರೆಂದು ಅವರ ತಿಳಿವಳಿಕೆ. ಸತ್ತವರು ಬಂದು ಕೇಳುವುದಿಲ್ಲ. ಹೊತ್ತವರು ಏಳುವುದಿಲ್ಲ. ನನ್ನೊಬ್ಬನ ಒಂದು ಮಾತಿನಿಂದ ಏಳು ಬೀದಿಯ ಜನ ಹುಡುಕುವುದನ್ನು ನಿಲ್ಲಿಸಿದರು.

ಅನಂತರ ನಡೆದದ್ದನ್ನು ನಾನು ಕಿಟಕಿಯ ಸಂದಿನಿಂದ ನೋಡಿದೆ. ಅಳು, ಗೋಳಾಟ ನಿರೀಕ್ಷಿಸಿದ್ದೆ. ಅವರು ಕೆಲಸಕ್ಕೆ ತೊಡಗಿದರು. ಬಡಗಿಯೊಬ್ಬ ಬಂದು ಚಿಕ್ಕತಾಯಿಯ ಉದ್ದವನ್ನು ದಾರದಲ್ಲಿ ಅಳೆದು, ಹೊರಳಿದರೆ ಬೀಳದಂತೆ ಅಂಚು ಕಟ್ಟಿದ ಮಂಚಕ್ಕೆ ಹಲಗೆ ಕೊಯ್ಯತೊಡಗಿದ. ನೆರೆಯವರು ವಾರಕ್ಕೊಬ್ಬರಂತೆ ಗಂಜಿ ಕುಡಿಸುವ ಸರದಿ ಮಾತಾಡಿಕೊಂಡರು. "ಇವಳಪ್ಪನೂ ಹೀಗೇ, ಕರೆದ್ರೆ ಏಳ್ತಿರ್ಲಿಲ್ಲ" ಎಂದು ಒಬ್ಬಳು ತಮಾಷೆಗೆಂದು ಹೇಳಿ, ತಾನೇ ಮುಖ ಮುಚ್ಚಿಕೊಂಡಳು. ಇನ್ನೊಬ್ಬಳು ಚಿಕ್ಕತಾಯಿಯ ಬಳೆಗಳನ್ನು ಎಣ್ಣೆ ಹಚ್ಚಿ ತೆಗೆದಳು. ನಿದ್ದೆಯಲ್ಲಿ ಕೈ ಊದಿಕೊಂಡರೆ ಕಚ್ಚುತ್ತವಂತೆ. ದೇವೀರಮ್ಮ ಖಾಕಿ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. "ಅದ್ಯಾಕಕ್ಕ?" ಎಂದು ಯಾರೋ ಕೇಳಿದ್ದಕ್ಕೆ, "ಗುಂಡಿ ಹೊಸವು. ಅಂಗಿ ದಿಂಬಿಗೆ ಆಗುತ್ತೆ" ಎಂದರು.

ಶುಕ್ರವಾರ ಬೆಳಗ್ಗೆ ಏಳು ಗಂಟೆಗೆ ನಾನು ಡಬ್ಬಿಯನ್ನು ತೆಗೆದುಕೊಂಡು ಹೋಗಿ ದೇವೀರಮ್ಮನ ಮುಂದಿಟ್ಟೆ. ಮುಚ್ಚಳ ತೆಗೆದೆ. ಬೊಮ್ಮಯ್ಯಜ್ಜನೂ ಅಲ್ಲಿದ್ದ. ನಾನು ದೀರ್ಘವಾದ ವಾಕ್ಯವೊಂದನ್ನು ಸಿದ್ಧಮಾಡಿಕೊಂಡಿದ್ದೆ. ಅದರಲ್ಲಿ ಪಶ್ಚಾತ್ತಾಪ, ಅಧಮ, ಕ್ಷಮಾರ್ಹನಲ್ಲ ಮುಂತಾದ ಪದಗಳಿದ್ದವು. ಬಾಯಿಂದ ಬಂದದ್ದು ಇಷ್ಟೇ: "ಅದು ನನ್ನದು ಅಮ್ಮ. ಮಂಗಳವಾರ ನಾನು ಮಲಗಲಿಲ್ಲ."

ಅಜ್ಜನ ದವಡೆ ಕೆಳಗಿಳಿಯಿತು. ಎಂಬತ್ತು ವರ್ಷ ಬದುಕಿದ ಆ ಮನುಷ್ಯ ಆಗಷ್ಟೇ ಹೊಸದೊಂದನ್ನು ಕಂಡಿದ್ದ. "ಆಯ್ತು ಅಂದ್ರಲ್ಲ," ಎಂದ. "ನಾನು ಕೇಳ್ದೆ, ನೀವು ಆಯ್ತು ಅಂದ್ರಿ. ಹಂಗೆ ಹೇಳೋಕಾಗುತ್ತಾ?"

"ಆಗುತ್ತೆ ಅಜ್ಜ."

"ನಿಮ್ಮ ಕಡೆ ಎಲ್ಲರೂ ಹೇಳ್ತಾರಾ?"

ದೇವೀರಮ್ಮ ನನ್ನ ಕೆನ್ನೆಗೆ ಹೊಡೆಯಬಹುದಿತ್ತು. ಆಕೆ ಡಬ್ಬಿಯನ್ನು ಒಯ್ದು ಬೂದಿಗುಂಡಿಗೆ ಸುರಿದು, ಕೈ ತೊಳೆದು ಬಂದರು. "ಮಾತು ಆಮೇಲೆ. ಹತ್ತು ಗಂಟೆಗೆ ಬಸ್ಸು. ಒಲೆ ಹಚ್ಚಿ" ಎಂದರು.

ನಿದ್ದೆಯ ಒಡೆಯನೇ ಹೊತ್ತವರ ಮನೆಯ ಒಲೆಯ ಮೇಲೆ, ಅವರ ಮನೆಯ ಹಾಲಿನಲ್ಲಿ, ತನ್ನ ಕೈಯಿಂದ ಕಷಾಯ ಮಾಡಿ ಕುಡಿಯಬೇಕು. ಬೇರೆಯವರು ಹೇಳಿಕೊಡಬಹುದು, ಮುಟ್ಟುವಂತಿಲ್ಲ. ನಾನು ಕೊತ್ತಂಬರಿ ಬೀಜ, ಜೀರಿಗೆ, ಬಡೇಸೋಪು, ನಾಲ್ಕು ಕಾಳು ಮೆಣಸು ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದೆ. "ಒಂದೊಂದೇ" ಎಂದರು ದೇವೀರಮ್ಮ. "ಜೀರಿಗೆ ಬೇಗ ಸಿಡಿಯುತ್ತೆ, ಕೊತ್ತಂಬರಿಗೆ ಹೊತ್ತು ಬೇಕು. ಒಂದೇ ಸಲ ಹಾಕಿದ್ರೆ ಒಂದು ಹಸಿ, ಒಂದು ಕರಕಲು." ಕರಕಲೇ ಆಯಿತು. ಆ ಪುಡಿಯಿಂದ ಕಾಸಿದ ಕಷಾಯವನ್ನು ಆಕೆ ಮೂಸಿ ನೋಡಿ ಬಚ್ಚಲಿಗೆ ಚೆಲ್ಲಿಸಿದರು. ಎಂಟು ಗಂಟೆ.

ಎರಡನೆಯ ಬಾರಿ ಒಂದೊಂದನ್ನೇ ಹುರಿದೆ. ಒಣಶುಂಠಿ ಜಜ್ಜಿ ಸೇರಿಸಿ ತರಿತರಿಯಾಗಿ ಕುಟ್ಟಿದೆ. ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿದೆ. ಹಾಲು ಹೊಯ್ದು, ಅದು ಕೊತಕೊತ ಕುದಿಯುತ್ತಿರುವಾಗಲೇ ಬೆಲ್ಲದ ಅಚ್ಚನ್ನು ಹಾಕಿಬಿಟ್ಟೆ. ನನ್ನ ಕಣ್ಣೆದುರೇ ಹಾಲು ಒಡೆದು, ಹಳದಿ ನೀರಿನಲ್ಲಿ ಬಿಳಿಯ ಚೂರುಗಳು ತೇಲಿದವು. ದೇವೀರಮ್ಮ ಕಣ್ಣು ಮುಚ್ಚಿಕೊಂಡರು. "ಬೆಲ್ಲ ಒಲೆ ಮೇಲಿದ್ದಾಗ ಹಾಕ್ತಾರಾ ಮೇಷ್ಟ್ರೇ? ಇಳಿಸಿ, ಸ್ವಲ್ಪ ಆರಿಸಿ, ಆಮೇಲೆ." ಎಮ್ಮೆ ಆ ಬೆಳಗ್ಗೆ ಕೊಟ್ಟ ಹಾಲಿನಲ್ಲಿ ಉಳಿದದ್ದು ಒಂದೇ ಲೋಟ. ಒಂಬತ್ತು ಗಂಟೆ.

ಬಾಗಿಲಲ್ಲಿ ಜನ ಸೇರಿದ್ದರು. ಕ್ಷೌರಿಕನ ಹೆಂಡತಿ, "ಕೈ ನಡುಗ್ತಿದೆ ನೋಡಿ, ಯಾರಾದ್ರೂ ಮಣಿಕಟ್ಟು ಹಿಡ್ಕೊಳಿ" ಎಂದಳು. "ಮುಟ್ಟಂಗಿಲ್ಲ ಕಣೇ" ಎಂದು ಯಾರೋ ಗದರಿಸಿದರು. ನಾನು ಇಷ್ಟು ವರ್ಷಗಳಲ್ಲಿ ಯಾವ ಊರಿನಲ್ಲಿಯೂ ಒಂದು ಲೋಟ ಬಿಸಿ ಪಾನೀಯಕ್ಕಾಗಿ ಇಷ್ಟು ಹೊತ್ತು ಒಂದೇ ಕಡೆ ಕುಳಿತವನಲ್ಲ. ಈ ಬಾರಿ ಹುರಿಯುವಾಗ ಬೀಜದ ಬಣ್ಣವನ್ನಲ್ಲದೆ ಬೇರೇನನ್ನೂ ನೋಡಲಿಲ್ಲ. ಕಷಾಯವನ್ನು ಸೋಸಿದೆ. ಹಾಲನ್ನು ಬೇರೆ ಪಾತ್ರೆಯಲ್ಲಿ ಉಗುರುಬೆಚ್ಚಗಿಂತ ತುಸು ಹೆಚ್ಚಿಗೆ ಕಾಯಿಸಿದೆ. ಇಳಿಸಿ, ಆರಿಸಿ, ಬೆಲ್ಲ ಕರಗಿಸಿ, ಎರಡನ್ನೂ ಬೆರೆಸಿ, ಏಲಕ್ಕಿಯ ಪುಡಿಯನ್ನೂ ಉಗುರಿನಷ್ಟು ಜಾಯಿಕಾಯಿಯನ್ನೂ ಹಾಕಿದೆ. ಬಳಿಕ ಎರಡು ಚೊಂಬುಗಳ ನಡುವೆ ಮೊಳದೆತ್ತರದಿಂದ ಹೊಯ್ದು ಹೊಯ್ದು ನೊರೆ ಎಬ್ಬಿಸಿದೆ. ನೊರೆ ಕಂಠದವರೆಗೆ ಎದ್ದು ನಿಂತಿತು. ಬಾಗಿಲಲ್ಲಿದ್ದವರು ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ಕುಡಿದೆ. ಚಿಕ್ಕತಾಯಿಯ ಪಕ್ಕದಲ್ಲಿ ಹಾಸಿದ ಚಾಪೆಯ ಮೇಲೆ ಮಲಗಿ, "ನನ್ನದನ್ನು ನನಗೆ ಕೊಡಿ" ಎಂದೆ. ಅಷ್ಟು ಸಾಲದೆನಿಸಿ, "ನನ್ನದು ಎಷ್ಟಿದೆಯೋ ಅಷ್ಟನ್ನೂ ಕೊಡಿ" ಎಂದು ಸೇರಿಸಿದೆ. ಒಂಬತ್ತು ಮುಕ್ಕಾಲು.

ನಿದ್ದೆ ಬರಲಿಲ್ಲ. ಬೀದಿಯಲ್ಲಿ ಬಡಗಿ ಗರಗಸ ನಿಲ್ಲಿಸಿದ. ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿದರು. ಊರಿಗೆ ಊರೇ ನನ್ನ ಕಣ್ಣು ಮುಚ್ಚಲೆಂದು ಕಾದು ನಿಂತಿತ್ತು, ಮತ್ತು ಅದರಿಂದಲೇ ನನ್ನ ಕಣ್ಣುಗಳು ಒಣಗಿದ ಬಣ್ಣದ ಮುಚ್ಚಳಗಳಂತೆ ಅಲುಗಾಡದಾದವು. ದೂರದಲ್ಲಿ ಬಸ್ಸಿನ ಇಂಜಿನ್ನು ಶುರುವಾದ ಸದ್ದು ಕೇಳಿತು. ಆಗ ದೇವೀರಮ್ಮ ನನ್ನ ತಲೆಯ ಬಳಿ ಬಂದು ಕುಳಿತರು. ಮಗಳಿಂದ ಕೇಳಿ ಕೇಳಿ ಬಾಯಿಗೆ ಬಂದದ್ದನ್ನು, ಮಗಳದೇ ಧಾಟಿಯಲ್ಲಿ, ಆದರೆ ತೊಟ್ಟಿಲು ತೂಗುವಷ್ಟು ಮೆಲ್ಲಗೆ ಹೇಳತೊಡಗಿದರು. ಎರಡ್ಬೇವೂ, ಗಾಣದ್ಬೀದೀ, ಸುಣ್ಣದ್ಗೂಡೂ. ಮಡಕೆಪೇಟೆಯವರೆಗೆ ಕೇಳಿದ್ದು ನೆನಪಿದೆ.

ಎಚ್ಚರವಾದಾಗ ನಾನು ಅಂಚು ಕಟ್ಟಿದ ಹೊಸ ಮಂಚದ ಮೇಲಿದ್ದೆ. ಗಡ್ಡ ಬೆಳೆದಿತ್ತು. ದೇವೀರಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. "ಎದ್ರಾ? ಇವತ್ತು ಗುರುವಾರ. ಹದಿಮೂರು ದಿನ ಆಯ್ತು. ನಿಮಗೆ ಗಂಜಿ ಕುಡಿಸೋಕೆ ಬೀದಿಯೋರೆಲ್ಲ ಸರದಿ ಹಾಕ್ಕೊಂಡಿದ್ರು" ಎಂದರು. ಚಿಕ್ಕತಾಯಿಗಾಗಿ ಗೊತ್ತುಮಾಡಿದ ಸರದಿ, ಚಿಕ್ಕತಾಯಿಗಾಗಿ ಮಾಡಿದ ಮಂಚ ನನಗೆ ಸಂದಿತ್ತು. ಚಿಕ್ಕತಾಯಿಯ ಬಗ್ಗೆ ನಾನು ಕೇಳುವ ಮೊದಲೇ ಆಕೆಯೇ ಹೇಳಿದರು: ನಾನು ಕಣ್ಣು ಮುಚ್ಚಿದಾಗ ಹತ್ತೂಕಾಲು. ಚಿಕ್ಕತಾಯಿ ಎದ್ದವಳು, ಬಸ್ಸಿನ ಸದ್ದು ಕೇಳಿ, ಅಂಗಿಗೆ ಗುಂಡಿಗಳಿಲ್ಲದ್ದನ್ನು ಕಂಡು, ಪಿನ್ನು ಚುಚ್ಚಿಕೊಂಡು ತಲೆ ಬಾಚದೆ ಓಡಿದಳು. ಗಾಣದ ಬೀದಿಯ ತಿರುವಿನಲ್ಲಿ ಬಸ್ಸಿಗೆ ಅಡ್ಡ ನಿಂತಳು. ವೀರಭದ್ರಪ್ಪ ಹೊತ್ತು ಮೀರಿತು ಎಂದ. "ನಾನು ಮಲಗಿದ್ದು ನನ್ನ ನಿದ್ದೆಯಲ್ಲ, ಕೇಳಿ ಯಾರನ್ನಾದ್ರೂ" ಎಂದು ಅವಳು ಹತ್ತಿದಳು. ಅಲ್ಲಿಂದ ಕೂಗಿದ್ದು ಉಪ್ಪುಚಾವಡಿಯವರಿಗೂ ಕೇಳಿಸಿರಬೇಕೆಂದು ಜನ ಆಡಿಕೊಂಡರು. ಕೆಲಸ ಅವಳದಾಯಿತು.

ಕಥೆ ಇಲ್ಲಿಗೆ ಸುಖಾಂತವೆಂದು ನಾನು ತಿಳಿದೆ. ಸಂಜೆ ಚಿಕ್ಕತಾಯಿ ಹೆಗಲಿನ ಚರ್ಮದ ಚೀಲದೊಂದಿಗೆ ಮನೆಗೆ ಬಂದಳು. ನಾನು ಎದ್ದು ಕೈಮುಗಿದೆ. "ಇರ್ಲಿ ಕೂತ್ಕೊಳಿ" ಎಂದು, ನನ್ನೆದುರು ಮಣೆ ಹಾಕಿಕೊಂಡು ಕುಳಿತಳು. ಬೈಯುವಳೆಂದುಕೊಂಡೆ. ಅವಳ ಮುಖದಲ್ಲಿ ಕೋಪವಿರಲಿಲ್ಲ. ಯಾವುದನ್ನೋ ಹೇಳಲೋ ಬೇಡವೋ ಎಂಬ ಅಳುಕಿತ್ತು.

"ಮೇಷ್ಟ್ರಣ್ಣ, ಇಲ್ಲಿಗೆ ಬರೋ ಮುಂಚೆ ಎಲ್ಲಿದ್ರಿ?"

"ಹಲವು ಕಡೆ. ಆರು ತಿಂಗಳ ಹಿಂದೆ ಸುಣ್ಣದಗೂಡಿನಲ್ಲಿ, ಒಂದು ತಿಂಗಳು."

"ಅಲ್ಲಿ ಯಾರ ಮನೇಲಿ?"

"ಕಂಚುಗಾರರ ಮನೆಯ ಮಹಡಿಯಲ್ಲಿ. ಯಾಕೆ?"

ಅವಳು ಚೀಲದಿಂದ ಹರಿದ ಟಿಕೆಟ್ಟುಗಳ ಸಣ್ಣ ಕಟ್ಟೊಂದನ್ನು ತೆಗೆದಳು. ಅವುಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಒಂದನ್ನು ನೆಲದ ಮೇಲಿಟ್ಟಳು. "ಆ ಕಂಚುಗಾರ ಐದು ತಿಂಗಳಿಂದ ಎದ್ದಿರ್ಲಿಲ್ವಂತೆ. ರೋಗ ಅಂತ ಡಾಕ್ಟ್ರಿಗೆ ತೋರಿಸಿದ್ರಂತೆ. ಆ ಶುಕ್ರವಾರ ಹತ್ತೂಕಾಲಿಗೆ ಎದ್ದು ಕೂತ. ಬಸ್ಸಲ್ಲಿ ಅವನ ಹೆಂಡ್ತಿ ಹೇಳಿದ್ಲು." ಇನ್ನೊಂದನ್ನು ಇಟ್ಟಳು. "ಮಡಕೆಪೇಟೆ. ಛತ್ರದ ಅಡಿಗೆಯವಳು, ಎರಡು ವರ್ಷ. ಅವತ್ತೇ ಹತ್ತೂಕಾಲಿಗೆ. ನೀವು ಅಲ್ಲಿದ್ರಾ?"

ನಾನು ಅಲ್ಲಿದ್ದೆ. ಛತ್ರದಲ್ಲಿಯೇ ಇದ್ದೆ. ಆ ಅಡಿಗೆಯವಳು ನನ್ನ ತಟ್ಟೆಗೆ ಎರಡನೆಯ ಸಲ ಹುಳಿ ಬಡಿಸಿದ್ದೂ ನೆನಪಿತ್ತು. ಯಾವ ಊರಿನಲ್ಲಿಯೂ ನಾನು ತಿರುಗಿ ನೋಡಿದವನಲ್ಲ. ಅವಳು ಟಿಕೆಟ್ಟುಗಳನ್ನು ಇಡುತ್ತಲೇ ಹೋದಳು. ಉಪ್ಪುಚಾವಡಿಯಲ್ಲಿ ದೂರದ ಬಸ್ಸುಗಳೆಲ್ಲ ಸೇರುತ್ತವೆ; ಅಲ್ಲಿಯ ಕಂಡಕ್ಟರುಗಳು ತಂದ ಸುದ್ದಿ. ಒಬ್ಬ ಅಗಸೆಬಾಗಿಲಿನ ಕಾವಲುಗಾರ. ಒಬ್ಬ ನಾಟಿವೈದ್ಯ, ಮೂರು ವರ್ಷ. ಪ್ರತಿ ಹೆಸರಿಗೂ ನಾನು ಒಂದು ಬಾಡಿಗೆ ಕೋಣೆಯನ್ನೂ ಒಂದು ಕಾದಂಬರಿಯನ್ನೂ ನೆನಪಿಸಿಕೊಂಡೆ. ಎಷ್ಟಿದೆಯೋ ಅಷ್ಟನ್ನೂ ಎಂದು ನಾನು ಕೇಳಿದ್ದಕ್ಕೆ ಅಷ್ಟೂ ಊರುಗಳ ನಿದ್ದೆ ಆ ಹದಿಮೂರು ದಿನಗಳಾಗಿ ನನಗೆ ಮರಳಿತ್ತು. ನಿಯಮ ಆ ಊರಿನದು ಮಾತ್ರ ಎಂದು ತಿಳಿದಿದ್ದೆ. ಅಲ್ಲಿಯವರು ಅದನ್ನು ಗಮನಿಸಿದ್ದರು, ಅಷ್ಟೇ.

"ತಾಳೆಹೊಂಡ ಅನ್ನೋ ಊರಿಗೆ ಹೋಗಿದ್ರಾ?" ಕೈಯಲ್ಲಿ ಒಂದೇ ಟಿಕೆಟ್ಟು ಉಳಿದಿತ್ತು.

"ಆರು ವರ್ಷದ ಹಿಂದೆ. ದರ್ಜಿಯೊಬ್ಬಳ ಮನೆಯಲ್ಲಿ."

"ಅವಳ ಮಗಳು," ಎಂದಳು ಚಿಕ್ಕತಾಯಿ. "ಒಂಬತ್ತು ವರ್ಷದವಳು ಮಲಗಿದ್ದು, ಹದಿನೈದು ತುಂಬಿ ಎದ್ದಿದಾಳೆ. ತಾಯಿ ವರ್ಷಾವರ್ಷ ಲಂಗದ ಅಂಚು ಬಿಚ್ಚಿ ಉದ್ದ ಮಾಡಿ, ಮಲಗಿರೋ ಹಾಗೇ ತೊಡಿಸ್ತಿದ್ಲಂತೆ. ಎದ್ದೋಳು ತಾಯಿ ಪಕ್ಕ ನಿಂತು, ಅಮ್ಮ ನೀನ್ಯಾಕೆ ಕುಳ್ಳಗಾಗಿದೀಯ ಅಂತ ಕೇಳಿದ್ಲಂತೆ."

ದೇವೀರಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. ಆ ಹುಡುಗಿಯ ಹೆಸರು ನನಗೆ ಗೊತ್ತಿರಲಿಲ್ಲ. ಅವಳ ಮನೆಯಲ್ಲಿ ಮೂರು ವಾರ ಇದ್ದೆ, ಕೇಳಿರಲಿಲ್ಲ. "ಇದನ್ನ ಅವರಿಗೆಲ್ಲ ಹೇಳಿದೀಯಾ?" ಎಂದೆ.

"ನಾನ್ಯಾಕೆ ಹೇಳ್ಲಿ? ಯಾರ್ದು ಅಂತ ಅವರಿನ್ನೂ ಕೇಳ್ತಾ ಇಲ್ಲ. ಅವರಿಗೆ ಕೇಳ್ಬೇಕು ಅಂತಾನೇ ಗೊತ್ತಿಲ್ಲ." ಅವಳು ಟಿಕೆಟ್ಟುಗಳನ್ನು ಒಟ್ಟುಮಾಡಿ ನನ್ನ ಕೈಗೆ ಕೊಟ್ಟಳು. "ನೀವು ಹೇಳಿದ್ರೆ ಗೊತ್ತಾಗುತ್ತೆ."

"ಹೊಡೆದು ಕೊಂದಾರು."

"ಕೊಲ್ಲಬಹುದು," ಎಂದಳು ಅವಳು, ಸ್ಟಾಪು ತಪ್ಪಿಸಿಕೊಂಡವರಿಗೆ ದಾರಿ ಹೇಳುವಷ್ಟು ಸಾವಧಾನವಾಗಿ. "ನನಗೂ ಶುಕ್ರವಾರ ಹಾಗೇ ಅನ್ನಿಸ್ತು. ಬಸ್ಸು ಸಿಗದೆ ಹೋಗಿದ್ರೆ ಏನು ಮಾಡ್ತಿದ್ನೋ ಗೊತ್ತಿಲ್ಲ."

ಶುಕ್ರವಾರ ಮುಂಜಾನೆ ನಾನು ಕುಂಚಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿದೆ, ಬಣ್ಣದ ಡಬ್ಬಿಗಳ ಮುಚ್ಚಳ ಬಿಗಿದೆ, ಎರಡು ಅಂಗಿ ಮಡಚಿದೆ. ಕಾದಂಬರಿಗಳ ಕಟ್ಟನ್ನು ಗುಜರಿ ಅಂಗಡಿಗೆ ಕೊಡಿರೆಂದು ಹೇಳಿ ಕೋಣೆಯಲ್ಲಿಯೇ ಬಿಟ್ಟೆ. ದೇವೀರಮ್ಮ ಕಷಾಯದ ಪುಡಿಯ ಪೊಟ್ಟಣವೊಂದನ್ನು ಚೀಲಕ್ಕೆ ಹಾಕಿದರು. ಅದನ್ನು ಯಾರಿಗೆ ಕುಡಿಸಲೆಂದು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟು ಖಾಲಿಯಿತ್ತು. ಚಿಕ್ಕತಾಯಿ ನನ್ನ ಹತ್ತಿರ ಬಂದು ಉಳಿದವರನ್ನು ಕೇಳಿದ ಹಾಗೆಯೇ ಎಲ್ಲಿಗೆಂದು ಕೇಳಿದಳು. ತಾಳೆಹೊಂಡ ಎಂದೆ.

"ಉಪ್ಪುಚಾವಡಿವರೆಗೆ ಕೊಡ್ತೀನಿ. ಅಲ್ಲಿಂದ ಮುಂದೆ ಮೂರು ಬಸ್ಸು ಬದಲಾಯಿಸ್ಬೇಕು" ಎಂದು ಟಿಕೆಟ್ಟು ಹರಿದು ಕೊಟ್ಟು, ಬಾಗಿಲ ಬಳಿ ಹೋಗಿ ಸೀಟಿ ಊದಿದಳು.